ಬಿಸ್ಕೀಟಿನಷ್ಟು ಕಂಪ್ಯೂಟರಿಗೆ ಕುಂಕುಮ ಇಟ್ಟ ದಿನ

ನಮ್ಮ ಮನೆಯ ಯಾವ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕುವಂತಿಲ್ಲ. ಬಚ್ಚಲಿನ ಚಿಲಕವನ್ನಂತೂ ನಾನೇ ಸ್ಕ್ರೂಡ್ರೈವರ್ ಹಿಡಿದು ಕಿತ್ತುಹಾಕಿದ್ದೇನೆ. ಅದರ ನಾಲ್ಕು ತೂತುಗಳು ಈಗಲೂ ಬಾಗಿಲ ಮೇಲೆ ಇವೆ. ಹೊಸದಾಗಿ ಬಂದ ನೆಂಟರು ಬಚ್ಚಲಿಗೆ ಹೋಗುವಾಗ, ಒಳಗೆ ಹಾಡು ಹೇಳಿಕೊಳ್ಳುತ್ತಾ ಇರಿ, ಇಲ್ಲದಿದ್ದರೆ ಯಾರಾದರೂ ನುಗ್ಗಿಬಿಟ್ಟಾರು ಅನ್ನುತ್ತೇನೆ. ಅವರು ನಗುತ್ತಾರೆ. ನಾನೂ ನಗುತ್ತೇನೆ.

ಏಳು ವರ್ಷದ ಹಿಂದೆ ನನ್ನ ಗಂಡ ಕೆಲಸ ಮಾಡುತ್ತಿದ್ದಾಗ ಬಿದ್ದರು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವರ ಕಸುಬು. ಮೇಲಿನಿಂದ ಹಗ್ಗ ಇಳಿಬಿಟ್ಟು, ಅದಕ್ಕೊಂದು ಹಲಗೆ ಕಟ್ಟಿ, ಅದರ ಮೇಲೆ ಕೂತು ಬಳಿಯುತ್ತಾ ಇಳಿಯುತ್ತಾರೆ. ಆ ಹಲಗೆಗೆ ಅವರ ಮಾತಿನಲ್ಲಿ ಜೂಲಾ. ಕಲಬುರಗಿ ಕಡೆಯಿಂದ ಬಂದ ನಮ್ಮಂಥವರು ಎಷ್ಟೋ ಜನ ಜೂಲಾದ ಮೇಲೆ ಕೂತೇ ಬದುಕುತ್ತಾರೆ. ಅವರು ಬಿದ್ದಿದ್ದು ಬಹಳ ಎತ್ತರದಿಂದೇನಲ್ಲ, ಆದರೆ ಪೆಟ್ಟು ತಲೆಗೆ. ಕೈಯ ಮೂಳೆ ಕೂಡಿತು, ಹಣೆಯ ಹೊಲಿಗೆ ಮಾಯಿತು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಾಗ, ಮೊದಲನೇ ಫಿಟ್ಸ್ ಬಂತು. ಬಾಗಿಲು ಒಡೆಯುವ ತನಕ ಒಳಗೆ ತಂಬಿಗೆ ನೆಲಕ್ಕೆ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು.

ಆಮೇಲೆ ಮಾತ್ರೆ ಶುರುವಾಯಿತು. ಬಣ್ಣದ ಕೆಲಸ ನಿಂತು, ಇಂದಿರಾನಗರದ ಒಂದು ಆಫೀಸಿನ ಗೇಟಿನಲ್ಲಿ ಹಗಲು ಹೊತ್ತು ಕೂರುವ ಕೆಲಸ ಸಿಕ್ಕಿತು. ಹೋದ ವರ್ಷದ ಹೊತ್ತಿಗೆ, ಕೊನೇ ಸಲ ದೊಡ್ಡ ಫಿಟ್ಸ್ ಬಂದು ಎರಡು ವರ್ಷವಾಗಿತ್ತು. ಮಾತ್ರೆ ನುಂಗಿದರೆ ನಾಲಿಗೆ ದಪ್ಪಗಾಗುತ್ತದೆ, ಆಡಬೇಕಾದ ಮಾತು ಬಾಯಿಗೇ ಬರುವುದಿಲ್ಲ ಎಂದು ಗೊಣಗುತ್ತಿದ್ದರು. "ಗೇಟ್ ತಗಿ, ಗೇಟ್ ಹಾಕು, ಇಷ್ಟೇ ಆಗ್ಯಾದ ನನ್ನ ಬಾಳೇವು," ಎಂದು ಒಮ್ಮೆ ರೊಟ್ಟಿ ಮುರಿಯುತ್ತಾ ಅಂದಿದ್ದರು. ನಾನು ಜೋಗುಪಾಳ್ಯದ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ನಮ್ಮ ಬಾಡಿಗೆ ಮನೆಯೂ ಅಲ್ಲೇ, ಮೊದಲನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ.

ಬರೆದಿಡುವುದು ನನ್ನ ಹಳೇ ಚಟ. ಹಾಲು ಎಂದು ಒಡೆಯಿತು, ಗ್ಯಾಸ್ ಎಂದು ಬಂತು, ಎಲ್ಲ ಬರೆಯುವವಳು ಮಾತ್ರೆಯ ವಿಷಯ ಬಿಡುತ್ತೇನೆಯೇ. ಎಷ್ಟು ಹೊತ್ತಿಗೆ ನುಂಗಿದರು, ಎಷ್ಟು ಮಲಗಿದರು, ಕೈ ನಡುಗಿತೇ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಐದನೇ ನೋಟ್‌ಬುಕ್ ತೆಗೆದುಕೊಂಡು ಹೋದ ದಿನ ಆಸ್ಪತ್ರೆಯ ಡಾಕ್ಟರಮ್ಮ ಕೈ ಮುಗಿದರು. "ಅಮ್ಮಾ, ಇದನ್ನೆಲ್ಲ ಓದೋಕೆ ಕೂತ್ರೆ ಹೊರಗಡೆ ಕೂತಿರೋರು ನನ್ನ ಹೊಡೀತಾರೆ. ಒಂದು ಪಟ್ಟಿ ಮಾಡಿ, ಟೈಪ್ ಮಾಡಿಸ್ಕೊಂಡು ಬನ್ನಿ."

ನಮ್ಮ ಹಳೇ ಟಿವಿ ರಿಪೇರಿ ಮಾಡಿಕೊಟ್ಟ ಶಿವಾಜಿನಗರದ ಭಾಯ್‌ಗೆ ಈ ಮಾತು ಹೇಳಿದಾಗ ಅವರು ಡ್ರಾಯರಿನಿಂದ ಒಂದು ಹಸಿರು ಹಲಗೆ ತೆಗೆದರು. ಒಂದು ಬಿಸ್ಕೀಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇದೇ ಪೂರಾ ಕಂಪ್ಯೂಟರ್, ಇದನ್ನು ನಿಮ್ಮ ಟಿವಿಗೆ ಸಿಕ್ಕಿಸಿದರೆ ಆಯಿತು ಅಂದರು. ನನಗೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತ್ತು. ನಿಜವೇ ಆಗಿತ್ತು. ಉಗುರಿನಷ್ಟು ಚಿಕ್ಕ ಕಾರ್ಡಿನಲ್ಲಿ ಬರೆದಿದ್ದೆಲ್ಲ ಉಳಿಯುತ್ತದೆ. ಒಂದು ಕೀಬೋರ್ಡು, ಒಂದು ಮೌಸು. ಆ ಹಸಿರು ಹಲಗೆಯ ಪ್ಲಾಸ್ಟಿಕ್ ಕವಚ ಸೀಳಿದ್ದರಿಂದ ಅದನ್ನು ಒಂದು ಸ್ವೀಟ್ ಡಬ್ಬಿಗೆ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ತೂತು ಹಾಕಿ ಅದರೊಳಗೆ ಇಟ್ಟುಕೊಂಡೆ. ಒಂದೊಂದೇ ಬೆರಳಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಅವರ ಹತ್ತಿರ ಮಾತ್ರ. ಅದರಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಯಾಕೆಂದರೆ ಪಟ್ಟಿಯಲ್ಲಿ ಅವರಿಗೆ ಗೊತ್ತಿಲ್ಲದ ಎರಡು ಸಾಲು ಇದ್ದವು.

ಮೊದಲನೆಯದು ಯುಗಾದಿ ಕಳೆದು ಸ್ವಲ್ಪ ದಿನಕ್ಕೆ. ಬೆಳಿಗ್ಗೆ ಚಹಾ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಸಕ್ಕರೆ ಸಾಕೇ ಅಂದೆ. ಮಾತಿಲ್ಲ. ತಿರುಗಿ ನೋಡಿದರೆ ಕಣ್ಣು ತೆರೆದೇ ಇದೆ, ಆದರೆ ಕಣ್ಣಲ್ಲಿ ಯಾರೂ ಇಲ್ಲ. ಲೋಟ ಓರೆಯಾಗಿ ಚಹಾ ನೆಲಕ್ಕೆ ಸುರಿಯುತ್ತಿತ್ತು. ರೊಟ್ಟಿ ಎಣಿಸಿ ಎಣಿಸಿ ರೂಢಿಯಾದ ಬಾಯಿ ತಾನಾಗಿ ಎಣಿಸತೊಡಗಿತು. ಇಪ್ಪತ್ತೆರಡಕ್ಕೆ ಅವರು "ಹ್ಞೂ, ಸಾಕು," ಅಂದರು. ನಡುವೆ ಏನೂ ಆಗಿಲ್ಲವೆಂಬಂತೆ. ಚೆಲ್ಲಿದ ಚಹಾ ನೋಡಿ, "ಇದ್ಯಾಕ ಚೆಲ್ಲಿದಿ?" ಎಂದು ನನ್ನನ್ನೇ ಕೇಳಿದರು. ಎರಡನೆಯದು ಶ್ರಾವಣದಲ್ಲಿ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ. ಆಗ ಮೂವತ್ತರ ತನಕ ಎಣಿಸಿದೆ.

ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಹಿಂದಿನ ಸಲ ಡಾಕ್ಟರಮ್ಮ, ಮುಂದಿನ ಆರು ತಿಂಗಳು ಏನೂ ಬರಲಿಲ್ಲವೆಂದರೆ ಮಾತ್ರೆ ಕಡಿಮೆ ಮಾಡೋಣ, ಆಮೇಲೆ ಹಳೇ ಕೆಲಸದ ಬಗ್ಗೆ ಯೋಚನೆ ಮಾಡಬಹುದು ಅಂದಿದ್ದರು. ನನ್ನ ಗಂಡನ ಕಿವಿಗೆ ಬಿದ್ದಿದ್ದು ಕೊನೇ ಮಾತು ಮಾತ್ರ. ಅವತ್ತೇ ಮೇಸ್ತ್ರಿಗೆ ಫೋನ್ ಮಾಡಿ, ದಸರಾ ಆದ ಮೇಲೆ ಬರ್ತೀನಿ, ನನ್ನ ಹಗ್ಗ ತೆಗೆದಿಡು ಅಂದರು. ನಾನು ಬಾಯಿಯಲ್ಲಿ ಏನು ಹೇಳಿದರೂ ನಡೆಯುವುದಿಲ್ಲ ಎಂದು ಗೊತ್ತಿತ್ತು. ಹಿಂದೊಮ್ಮೆ ಡಾಕ್ಟರ ಮುಂದೆ ಬಾಯಿ ತೆರೆದಾಗ, "ಇಕೀಗಿ ಎಲ್ಲಾದಕ್ಕೂ ಅಂಜಿಕಿರಿ ಮೇಡಂ, ಹಲ್ಲಿ ಬಿದ್ರ ಸೈತ ಬರೀತಾಳ," ಎಂದು ನಗಿಸಿಬಿಟ್ಟಿದ್ದರು. ಅದಕ್ಕೇ ಪಟ್ಟಿ. ದಿನ, ಹೊತ್ತು, ಎಷ್ಟು ಎಣಿಸಿದೆ, ಹಿಂದಿನ ದಿನ ಮಾತ್ರೆ ತಪ್ಪಿತ್ತೇ ಇಲ್ಲವೇ. ಬರೆದಿದ್ದನ್ನು ನಗಿಸಿ ಹಾರಿಸಲಾಗುವುದಿಲ್ಲ.

ಹೋದ ವರ್ಷ ಆಸ್ಪತ್ರೆಯ ದಿನ ಬಿದ್ದಿದ್ದು ವಿಜಯದಶಮಿಯ ಮಾರನೇ ದಿನ. ಆಯುಧಪೂಜೆಯ ಬೆಳಿಗ್ಗೆ ಪಟ್ಟಿ ಪ್ರಿಂಟ್ ಮಾಡಿಸೋಣವೆಂದು ಹೋದರೆ, ಜೆರಾಕ್ಸ್ ಅಂಗಡಿಯವರು ಮಿಷನ್ನಿಗೆ ಬಾಳೆಕಂದು ಕಟ್ಟಿ ಪೂಜೆಗೆ ಕೂತಿದ್ದರು. ಸರಿ, ನಾವೂ ಮಾಡೋಣವೆಂದು ವಾಪಸ್ ಬಂದೆ.

ನಮ್ಮ ಮನೆಯಲ್ಲಿ ಅನ್ನ ಕೊಡುವುದಕ್ಕೆಲ್ಲ ಪೂಜೆ. ರೊಟ್ಟಿಯ ಹಂಚು, ಇಳಿಗೆಮಣೆ, ಮಿಕ್ಸಿ, ಅವರ ಹಳೇ ಬ್ರಷ್ಷುಗಳು, ಗೇಟಿನ ಕೆಲಸದ ಟಾರ್ಚು. ಎಲ್ಲದರ ವೈರು ಕಿತ್ತು, ಒರೆಸಿ, ದೇವರ ಮುಂದೆ ಸಾಲಾಗಿ ಇಟ್ಟೆ. ಕಂಪ್ಯೂಟರನ್ನೂ ಡಬ್ಬಿಯಿಂದ ತೆಗೆದಿಟ್ಟೆ. ಅವರ ಜೀವ ಕಾಯುತ್ತಿರುವುದೇ ಅದು ಎಂದು ನನ್ನ ಮನಸ್ಸಿನಲ್ಲಿತ್ತು. ಅದಕ್ಕೇ ಅದರ ನಡುವಿನ ಲೋಹದ ಚೌಕದ ಮೇಲೆ ಅರಿಶಿನ ಕಲಸಿ ಹಚ್ಚಿ, ಒದ್ದೆ ಕುಂಕುಮದ ದೊಡ್ಡ ಬೊಟ್ಟು ಇಟ್ಟು, ಒಂದು ದಾಸವಾಳ ಇಟ್ಟೆ. ಎರಡು ಕಪ್ಪು ಚಾರ್ಜರುಗಳಿದ್ದವು, ಒಂದು ಕಂಪ್ಯೂಟರಿನದು, ಒಂದು ಅವರ ಫೋನಿನದು. ಅವಕ್ಕೂ ಒಂದೊಂದು ಬೊಟ್ಟು. ಕರ್ಪೂರ ಹಚ್ಚಿದೆ. ಅವರು ಬ್ರಷ್ಷು ಮುಟ್ಟಿ ಕಣ್ಣಿಗೊತ್ತಿಕೊಂಡರು, ಬಹಳ ಹೊತ್ತು.

ಊಟವಾದ ಮೇಲೆ ಹೂವು ತೆಗೆದು, ವೈರು ಸಿಕ್ಕಿಸಿ, ಬೆಳಗಿನ ಮಾತ್ರೆಯ ಸಾಲು ಬರೆಯೋಣವೆಂದು ಸ್ವಿಚ್ ಹಾಕಿದೆ. ಟಿವಿಯ ಮೇಲೆ ಕಾಮನಬಿಲ್ಲಿನ ಬಣ್ಣದ ಚೌಕ ಬಂತು. ಅದು ದಿನಾ ಬರುವುದೇ. ಆಮೇಲೆ ಪರದೆ ಬಂದು, ಅಡ್ಡಡ್ಡ ನಡುಗಿ, ಕಪ್ಪಾಯಿತು. ಎಣಿಸಿದೆ. ಮೂರಕ್ಕೆ ವಾಪಸ್ ಬಂತು, ನಡುವೆ ಏನೂ ಆಗಿಲ್ಲವೆಂಬಂತೆ. ಇದನ್ನು ನಾನು ಮೊದಲೂ ನೋಡಿದ್ದೆ, ಟಿವಿಯಲ್ಲಿ ಅಲ್ಲ.

ಮತ್ತೆ ಕಪ್ಪು. ಮತ್ತೆ ಬಂತು. ಈ ಸಲ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಹೊಳೆಯಿತು, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ತಲೆಬುರುಡೆಯ ಜೊತೆ ಇರುತ್ತದಲ್ಲ, ಅಂಥದ್ದು. ಒದ್ದೆ ಕುಂಕುಮದಿಂದ ಕರೆಂಟು ಹರಿಯುತ್ತಿದೆ, ಮುಟ್ಟಿದರೆ ಹೊಡೆಯುತ್ತದೆ ಅಂದುಕೊಂಡೆ. ಅಡುಗೆಮನೆಯಿಂದ ಮರದ ಸೌಟು ತಂದು, ದೂರ ನಿಂತು ಅದರ ತುದಿಯಿಂದ ಸ್ವಿಚ್ ಆರಿಸಿದೆ.

"ಏನಾಗ್ಯಾದ ನಿನ್ನ ಬಿಸ್ಕೀಟಿಗಿ?" ಮಂಚದ ಮೇಲಿಂದ ಅವರು ಕೇಳಿದರು.

"ಏನಿಲ್ಲ, ವೈರ್ ಸಡ್ಲಾಗ್ಯಾದ."

"ವೈರಿಗಿ ಸೌಟ್ಲೆ ಹೊಡಿತಾರೇನು?"

ಸೌಟನ್ನು ಅಡುಗೆಮನೆಯಲ್ಲಿಟ್ಟು ಬಂದೆ. "ಹೋಗ್ಲಿ ಬಿಡು," ಅಂದರು. "ನಾಡಿದ್ದು ಡಾಕ್ಟರಿಗಿ ನಾನೇ ಬಾಯಿಲೆ ಹೇಳ್ತೀನಿ. ಎರಡು ವರ್ಷಾತು, ಏನೂ ಇಲ್ಲಂತ. ಅದಕ್ಕೇನು ಟಿವಿ ಬೇಕಾ?"

ಅವರು ಹೇಳಿದ ರೀತಿ ಎಷ್ಟು ಸಲೀಸಾಗಿತ್ತೆಂದರೆ, ಆಸ್ಪತ್ರೆಯ ಕೋಣೆ ನನ್ನ ಕಣ್ಣ ಮುಂದೆಯೇ ಬಂತು. ಅವರು ಹೇಳುತ್ತಾರೆ, ಡಾಕ್ಟರಮ್ಮ ಚೀಟಿಯಲ್ಲಿ ಮಾತ್ರೆ ಕಡಿಮೆ ಬರೆಯುತ್ತಾರೆ, ವಾರದೊಳಗೆ ಎಲ್ಲೋ ಹತ್ತನೇ ಮಹಡಿಯ ಹೊರಗೆ ಹಲಗೆಯ ಮೇಲೆ ಬ್ರಷ್ ಹಿಡಿದು ಕೂತಿರುತ್ತಾರೆ. ಅಲ್ಲಿ ಯಾರು ಇಪ್ಪತ್ತೆರಡರ ತನಕ ಎಣಿಸುತ್ತಾರೆ?

ಅವರು ಮಲಗಿದ ಮೇಲೆ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಹಿಂದೆ ಒಂದೊಂದೇ ಬರೆಯುತ್ತಾ ನೋಡಿದೆ. ಟಿವಿ ಕೆಟ್ಟಿದೆಯೇ? ಕೇಬಲ್ ಚಾನೆಲ್ ಹಾಕಿದರೆ ಚೆನ್ನಾಗಿ ಬರುತ್ತದೆ. ಹಾಗಾದರೆ ಟಿವಿ ಅಲ್ಲ. ಟಿವಿಗೆ ಹೋಗುವ ವೈರನ್ನು ಹಲಗೆಯ ಇನ್ನೊಂದು ತೂತಿಗೆ ಸಿಕ್ಕಿಸಿದೆ. ಅದೇ ನಡುಕ. ಒಣಬಟ್ಟೆಯಿಂದ ಕುಂಕುಮ ಒರೆಸಿದೆ. ಒಣಗಿದ್ದು ಪುಡಿಯಾಗಿ ತೂತಿನೊಳಗೇ ಉದುರಿತು. ಆಗ ನನಗೆ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು. ಕೀಬೋರ್ಡು, ಮೌಸು ಎರಡೂ ಕಿತ್ತರೆ ಪರದೆ ಹೆಚ್ಚು ಹೊತ್ತು ನಿಲ್ಲುತ್ತದೆ, ಎಣಿಸಿದರೆ ತೊಂಬತ್ತರ ತನಕ. ಸಿಕ್ಕಿಸಿದ ಕೂಡಲೇ ಕಪ್ಪು. ಇದಕ್ಕೇನು ಅರ್ಥವೋ ಗೊತ್ತಾಗಲಿಲ್ಲ, ಆದರೂ ಬರೆದಿಟ್ಟೆ. ಪಟ್ಟಿಯ ಫೈಲು ಒಮ್ಮೆ ಅರ್ಧ ತೆರೆದುಕೊಂಡಿತು, ಓದುವಷ್ಟರಲ್ಲಿ ಹೋಯಿತು. ಆಮೇಲೆ ಕಾಮನಬಿಲ್ಲಿಗಿಂತ ಮುಂದೆ ಹೋಗಲೇ ಇಲ್ಲ. ಪ್ರತಿ ಸಲವೂ ಸೌಟಿನಿಂದಲೇ ಸ್ವಿಚ್ ಆರಿಸುತ್ತಿದ್ದೆ.

ಮಾರನೇ ದಿನ ವಿಜಯದಶಮಿ. ಅವರಿಗೆ ರಜೆ. ಹಬ್ಬದ ಅಡುಗೆ ಬೇಗ ಮುಗಿಸಿ, ರಸೆಲ್ ಮಾರ್ಕೆಟಿನಿಂದ ಹೂವು ತರುತ್ತೇನೆ ಅಂದೆ. ಡಬ್ಬಿ, ಕಾರ್ಡು, ವೈರು, ಚಾರ್ಜರು, ಕ್ಯಾಲೆಂಡರಿನ ಹಾಳೆ, ಎಲ್ಲವನ್ನೂ ಚೀಲದ ತಳಕ್ಕೆ ಹಾಕಿಕೊಂಡೆ. ಅವರನ್ನು ಒಬ್ಬರನ್ನೇ ಎರಡು ಗಂಟೆ ಬಿಟ್ಟು ಹೋಗುವುದು ನನಗೆ ಆಗದ ಮಾತು. ಕೆಳಗೆ ಮನೆ ಮಾಲೀಕರ ಹೆಂಡತಿ, ತಮಿಳಿನ ಅಜ್ಜಿ, ಹೊಸಿಲಿಗೆ ನೀರು ಹಾಕುತ್ತಿದ್ದರು.

"ಅಮ್ಮಾ, ಸ್ವಲ್ಪ ಮೇಲಿನ ಸದ್ದು ಕೇಳಿಸ್ಕೊಳ್ತಾ ಇರಿ."

"ನೀ ಹೋಗಿಬಿಟ್ಟು ಬಾ ಮಾ. ಅವರು ನಡೆದ್ರೆ ನಮ್ಮ ಮನೆ ಸೀಲಿಂಗೇ ಮಾತಾಡತ್ತೆ. ಮಾತಾಡ್ಲಿಲ್ಲ ಅಂದ್ರೆ ನಾ ಮೇಲೆ ಬರ್ತೀನಿ."

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ. ಪಕ್ಕದಲ್ಲಿ ಕೂತ ಹೆಂಗಸು, "ಹಬ್ಬದ ಸ್ವೀಟಾ?" ಎಂದು ಕೇಳಿದಳು. ಹೌದು ಅಂದೆ. ರಸ್ತೆಯ ಉದ್ದಕ್ಕೂ ಹಿಂದಿನ ದಿನ ಒಡೆದ ಬೂದುಗುಂಬಳ ಬಿದ್ದಿತ್ತು, ಕುಂಕುಮದ ನೀರು ಕೆಂಪಗೆ ಹರಡಿಕೊಂಡಿತ್ತು. ಅದನ್ನು ನೋಡಬಾರದೆಂದು ಶಿವಾಜಿನಗರದ ತನಕ ಚಾಲಕರ ತಲೆಯನ್ನೇ ನೋಡುತ್ತಾ ಕೂತೆ.

ಭಾಯ್ ಅಂಗಡಿ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ನಾನು ಡಬ್ಬಿಯ ಮುಚ್ಚಳ ತೆಗೆದೆ. ಅವರು ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಅರೆ, ಏನಮ್ಮಾ ಇದು. ಅರಿಶಿನ, ಕುಂಕುಮ. ಮದುವೆ ಮಾಡಿಬಿಟ್ರಾ? ಗಂಡು ಯಾರು, ಟಿವಿನಾ?"

ನನಗೆ ನಗು ಬರಲಿಲ್ಲ. "ಪೂಜೆ ಮಾಡ್ದೆ ಭಾಯ್. ನನ್ನಿಂದಲೇ ಕೆಟ್ಟಿದ್ದು."

"ಪೂಜೆ ಮಾಡಿ, ಬೇಡ ಅಂದೋರು ಯಾರು. ನಂದೂ ನೋಡಿ." ಅವರ ಮೀಟರು, ಬೆಸುಗೆ ಹಾಕುವ ಕಡ್ಡಿಯ ಹಿಡಿಕೆ, ಕುರ್ಚಿ, ಎಲ್ಲಕ್ಕೂ ಒಂದೊಂದು ಬೊಟ್ಟು ಇತ್ತು. "ಪಕ್ಕದ ಹೂವಿನಮ್ಮ ಪ್ರತಿ ವರ್ಷ ಬಂದು ಇಟ್ಟು ಹೋಗ್ತಾರೆ. ಆದ್ರೆ ಅವರು ಮೈ ಮೇಲೆ ಇಡ್ತಾರಮ್ಮಾ. ನೀವು ಹೊಟ್ಟೆ ಕುಯ್ದು ಕರುಳಿಗೆ ಇಟ್ಟಿದೀರಲ್ಲ."

ಮೆತ್ತನೆ ಬ್ರಷ್ಷು ಹಿಡಿದು, ಊದುತ್ತಾ, ತೂತುಗಳಲ್ಲಿದ್ದ ಕೆಂಪು ಪುಡಿಯನ್ನೆಲ್ಲ ತೆಗೆದರು. ಆಮೇಲೆ ಯಾವುದೋ ದ್ರವ ಹತ್ತಿಗೆ ಹಾಕಿ ಒರೆಸಿದರು. ನಾನು ಅಷ್ಟು ಹೊತ್ತೂ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿದ್ದನ್ನು ಓದಿ ಹೇಳುತ್ತಾ ಹೋದೆ. ಸೌಟಿನ ವಿಷಯ ಬಂದಾಗ ಅವರ ಕೈ ನಿಂತಿತು.

"ಆ ಮಿಂಚಿನ ಗುರುತು ಶಾಕ್ ಅಲ್ಲಮ್ಮಾ, ಹಸಿವು. ಕರೆಂಟು ಸಾಲ್ತಿಲ್ಲ, ಹೊಟ್ಟೆಗೆ ಹಾಕಿ ಅಂತ ಪಾಪ ಅದು ಕೇಳ್ತಾ ಇದೆ. ನೀವು ಸೌಟಲ್ಲಿ ಹೊಡೆದಿದೀರ." ಆಮೇಲೆ ನಗು ನಿಲ್ಲಿಸಿ, "ಎಷ್ಟು ಸಲ ಹಾಗೆ ಆರಿಸಿದ್ರಿ, ಓಡ್ತಾ ಇರೋವಾಗಲೇ?"

"ಹದಿನಾಲ್ಕು."

"ತೋಬಾ. ಕಾರ್ಡು ಕೆಡತ್ತಮ್ಮಾ ಹಾಗ್ಮಾಡಿದ್ರೆ. ಬರೆದಿದ್ದು ಹೋಗಿಬಿಡತ್ತೆ. ಕಾಪಿ ಇದೆಯಾ?"

ಇರಲಿಲ್ಲ. ಹಳೇ ಐದು ನೋಟ್‌ಬುಕ್ಕುಗಳಿದ್ದವು, ಆದರೆ ಆ ಎರಡು ಸಾಲು ಅವುಗಳಲ್ಲಿ ಇರಲಿಲ್ಲ. ಅವರು ಹಲಗೆಯನ್ನು ತಮ್ಮ ಪರದೆಗೆ ಸಿಕ್ಕಿಸಿ, ತಮ್ಮದೇ ಚಾರ್ಜರು ಹಾಕಿದರು. ಕಾಮನಬಿಲ್ಲು ಬಂತು. ಕಪ್ಪಾಯಿತು. ಎಣಿಸಬಾರದು ಅಂದುಕೊಂಡರೂ ಎಣಿಸಿದೆ. ಬಿಳಿ ಅಕ್ಷರದ ಸಾಲುಗಳು ಮೇಲಿನಿಂದ ಕೆಳಗೆ ಓಡಿದವು. ಭಾಯ್ ಬಾಯಲ್ಲಿ ಸಣ್ಣಗೆ ಏನೋ ಹೇಳಿಕೊಳ್ಳುತ್ತಿದ್ದರು. ನಲವತ್ತೊಂದಕ್ಕೆ ಪರದೆ ಬಂತು. ನಡುಗಲಿಲ್ಲ. ಪಟ್ಟಿಯ ಮೇಲೆ ಒತ್ತಿದರು. ಫೈಲು ಸರಿಯಾಗಿ ಮುಚ್ಚಿಲ್ಲ, ಮತ್ತೆ ತೆರೆಯಲೇ ಎಂದು ಅದು ಕೇಳಿತು. ತೆರೆಯಿತು. ಎಲ್ಲವೂ ಇತ್ತು. ಚಹಾ ಲೋಟ ಇತ್ತು, ಅಂಗಿಯ ಗುಂಡಿ ಇತ್ತು.

ಭಾಯ್‌ಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. "ಎಷ್ಟು ಬರೆದಿದೀರಮ್ಮಾ. ಏನಿದು, ಅಡುಗೆದಾ?"

"ಹೌದು," ಅಂದೆ. ಅದೇ ಯಾಕೆ ಬಾಯಿಗೆ ಬಂತೋ.

ಆಮೇಲೆ ಅವರು ನನ್ನ ಚೀಲದಲ್ಲಿದ್ದ ಚಾರ್ಜರು ಕೇಳಿ ತೆಗೆದುಕೊಂಡು ಸಿಕ್ಕಿಸಿದರು. ಪರದೆ ನಡುಗಿತು, ಮಿಂಚು ಹೊಳೆಯಿತು. "ಸಿಕ್ಕಿಬಿದ್ದ ನೋಡಿ ಕಳ್ಳ. ಇದು ಫೋನಿಂದು. ನಾ ಕೊಟ್ಟಿದ್ದು ಎಲ್ಲಿ?" ಕಪ್ಪು ಚಾರ್ಜರು, ಅದರ ಮೇಲೊಂದು ಕುಂಕುಮದ ಬೊಟ್ಟು. ಇನ್ನೊಂದೂ ಕಪ್ಪೇ, ಅದರ ಮೇಲೂ ಅಂಥದ್ದೇ ಬೊಟ್ಟು. ಪೂಜೆ ಮುಗಿಸಿ ಎತ್ತಿಡುವಾಗ ಅದಲುಬದಲಾಗಿತ್ತು. "ಕೀಬೋರ್ಡು ಕಿತ್ತರೆ ಜಾಸ್ತಿ ಹೊತ್ತು ನಿಲ್ಲತ್ತೆ ಅಂತ ಬರೆದಿದೀರಲ್ಲ, ಅಲ್ಲೇ ಗೊತ್ತಾಯ್ತು ನಂಗೆ. ಉಣ್ಣೋರು ಕಮ್ಮಿ ಆದ್ರೆ ಇದ್ದ ಊಟ ಸಾಲತ್ತೆ. ನೀವು ಮೆಕ್ಯಾನಿಕ್ ಆಗ್ಬೇಕಿತ್ತಮ್ಮಾ."

ಪಟ್ಟಿಯ ಒಂದು ಕಾಪಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಮಾರನೇ ದಿನ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರಾಯಿತು. ಹೂವು ಕೊಳ್ಳುವುದನ್ನು ಮರೆತೇಬಿಟ್ಟೆ. ಬಸ್ ಸ್ಟ್ಯಾಂಡಿನ ತನಕ ಹೋಗಿ, ನೆನಪಾಗಿ, ವಾಪಸ್ ಬಂದು ಸೇವಂತಿಗೆ ಕೊಂಡೆ. ಆ ಹತ್ತು ನಿಮಿಷವನ್ನು ಆಮೇಲೆ ಎಷ್ಟು ಸಲ ಶಪಿಸಿಕೊಂಡೆನೋ.

ಮನೆಗೆ ಬಂದು ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು.

ಹೊರಬಾಗಿಲಿಗೆ ಚಿಲಕ ಇರುವುದು ಹೌದು, ಕಳ್ಳಕಾಕರ ಭಯಕ್ಕೆ. ಆದರೆ ನಾನು ಮನೆಯಲ್ಲಿಲ್ಲದಾಗ ಅವರು ಹಾಕುವಂತಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಹಾಕಿದವರಲ್ಲ. ತಟ್ಟಿದೆ. ಕರೆದೆ. ಕಿವಿ ಇಟ್ಟು ಕೇಳಿದೆ. ತಂಬಿಗೆಯ ಸದ್ದು ಬರುತ್ತದೇನೋ ಎಂದು ಕೇಳಿದೆ. ಏನೂ ಇರಲಿಲ್ಲ, ಅದು ಇನ್ನೂ ಹೆದರಿಕೆ. ಕೆಳಗಿನಿಂದ ಅಜ್ಜಿ, "ಈಗ ಸ್ವಲ್ಪ ಮುಂಚೆ ಏನೋ ಎಳೆದಂಗೆ ಆಯ್ತು ಮಾ, ಸ್ಟೂಲೋ ಏನೋ. ಆಮೇಲೆ ಇಲ್ಲ," ಅಂದರು. ನಾನು ಎಣಿಸುತ್ತಾ ತಟ್ಟುತ್ತಿದ್ದೆ. ಐವತ್ತಾಯಿತು. ಅರವತ್ತೆಂಟಕ್ಕೆ ಚಿಲಕ ಸರಿಯಿತು.

ಅವರು ನಿಂತಿದ್ದರು. ಕೈಯಲ್ಲಿ ಮಾವಿನೆಲೆಯ ಎರಡು ಟೊಂಗೆ. ಕಾಲ ಹತ್ತಿರ ಸ್ಟೂಲು ಪಕ್ಕಕ್ಕೆ ಉರುಳಿತ್ತು.

"ತೋರಣ ಕಟ್ಟಲತ್ತಿದ್ದೆ," ಅಂದರು. "ಯಾರರ ಬಾಗ್ಲಾ ನೂಕಿದ್ರ ಸ್ಟೂಲಿಗಿ ಬಡಿತದಂತ ಚಿಲಕ ಹಾಕ್ದೆ."

ಅದು ಬಣ್ಣದವರ ರೂಢಿ, ನನಗೆ ಗೊತ್ತು. ಬಾಗಿಲ ಹತ್ತಿರ ಏರಿ ಕೆಲಸ ಮಾಡುವಾಗ ಮೊದಲು ಬಾಗಿಲು ಭದ್ರ ಮಾಡುತ್ತಾರೆ. ಆದರೆ ನಾನು ತಲೆ ಎತ್ತಿ ನೋಡಿದೆ. ತೋರಣದ ಒಂದು ತುದಿ ಮೊಳೆಗೆ ಕಟ್ಟಿತ್ತು. ಇನ್ನೊಂದು ತುದಿ ಜೋತುಬಿದ್ದಿತ್ತು.

"ಅರ್ಧಕ್ಕೇ ಬಿಟ್ಟೀರಿ?"

"ಕೈ ಸೋತು. ಇಳದೆ."

ಅವರ ಫೋನಿಗೆ ಸಿಕ್ಕಿಸಿದ್ದ ಚಾರ್ಜರು ಕಿತ್ತು ತಂದು, ಹಲಗೆಗೆ ಹಾಕಿ, ಟಿವಿಯ ವೈರು ಸಿಕ್ಕಿಸಿದೆ. ಕಾಮನಬಿಲ್ಲು, ಸಾಲುಗಳು, ಪರದೆ. ನಿಂತಿತು. ಪಟ್ಟಿ ತೆರೆದು ಆ ದಿನದ ಸಾಲಿಗೆ ಬಂದೆ. ಅವರು ಯಾವತ್ತೂ ಇದರ ಹತ್ತಿರ ಬಂದವರಲ್ಲ. ಅವತ್ತು ಬಂದು ನನ್ನ ಹಿಂದೆ ನಿಂತರು. ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಮುಚ್ಚಿಬಿಡಬಹುದಿತ್ತು. ನಾನು ಮೌಸಿನ ಚಕ್ರ ತಿರುಗಿಸಿ ಮೇಲೆ ಹೋದೆ, ಶ್ರಾವಣಕ್ಕೆ, ಆಮೇಲೆ ಇನ್ನೂ ಮೇಲೆ. "ಓದ್ರಿ," ಅಂದೆ.

ಅವರು ಅಕ್ಷರ ಕೂಡಿಸಿ ನಿಧಾನ ಓದುವವರು. ಚಹಾ ಲೋಟದ ಸಾಲನ್ನು ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ನಗಿಸಿ ಹಾರಿಸುತ್ತಾರೆ ಅಂದುಕೊಂಡಿದ್ದೆ. ಸ್ಟೂಲನ್ನು ಎತ್ತಿ ನಿಲ್ಲಿಸಿ, ನನ್ನ ಪಕ್ಕದಲ್ಲಿ ಅದರ ಮೇಲೆ ಕೂತರು.

"ಬರೀ ಎರಡೇ ಬರ್ದಿ."

"ಮತ್ತೆಷ್ಟು?"

"ಗೇಟಿನ್ಯಾಗ ಮೂರು ಸಲ ಆಗ್ಯಾದ. ಒಮ್ಮಿ ಸಾಹೇಬ್ರ ಕಾರು ಹಾರ್ನ್ ಹೊಡದೇ ಹೊಡದದ, ನಂಗ ಕೇಳೇ ಇಲ್ಲ. ಗೇಟ್ ಹಿಡ್ಕೊಂಡೇ ನಿಂತೀನಿ. ನಿದ್ದಿ ಮಾಡ್ಲತ್ತಿದ್ದೇನಂತ ಬೈದ್ರು. ಹೌದ್ರಿ ಅಂದೆ." ಪರದೆಯನ್ನೇ ನೋಡುತ್ತಿದ್ದರು. "ಬರ್ಕೊ. ಮೊದಲಂದು ಮಳಿ ಬಿದ್ದ ವಾರ, ಸೋಮವಾರ."

ನಾನು ಬರೆದೆ. ಒಂದೊಂದೇ ಬೆರಳಿನಲ್ಲಿ, ಅವರು ಹೇಳಿದ ಹಾಗೇ. ಆರು ವರ್ಷ ಹಲ್ಲಿ ಬಿದ್ದಿದ್ದನ್ನೂ ಬಿಡದೆ ಬರೆದವಳಿಗೆ ಈ ಮೂರು ಗೊತ್ತೇ ಇರಲಿಲ್ಲ. ಆ ಮೂರೂ ಸಂಜೆ ಅವರು ಮನೆಗೆ ಬಂದಿದ್ದರು, ನಾನು ರೊಟ್ಟಿ ಬಡಿಸಿದ್ದೆ, ಆ ದಿನದ ಸಾಲಿನಲ್ಲಿ "ಏನಿಲ್ಲ" ಎಂದು ಬರೆದಿದ್ದೆ. ಈಗ ಒಂದೊಂದಾಗಿ ಅವನ್ನು ಅಳಿಸಬೇಕಾಯಿತು.

ಮೂರನೆಯದು ಮುಗಿಯಿತು. ಅವರು ಏಳಲಿಲ್ಲ. ಮಾವಿನ ಟೊಂಗೆ ಇನ್ನೂ ಅವರ ಕೈಯಲ್ಲೇ ಇತ್ತು. ನಾನು ಆ ದಿನದ ಸಾಲಿಗೆ ವಾಪಸ್ ಬಂದೆ. ಕೇಳಲೋ ಬೇಡವೋ ಎಂದು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.

"ಇವತ್ತಿಂದು?" ಅಂದೆ.

ಅವರು ಜೋತುಬಿದ್ದ ತೋರಣದ ಕಡೆ ನೋಡಿದರು. "ಅದೂ ಬರಿ. ಸ್ಟೂಲಿನ ಮ್ಯಾಲ ಇದ್ದೆ. ಕಣ್ಣು ತೆರ್ದಾಗ ಕೆಳಗ ಕುಂತಿದ್ದೆ. ನೀ ಬಾಗ್ಲಾ ಬಡಿಲತ್ತಿದ್ದಿ."

"ಎಷ್ಟು ಹೊತ್ತು?"

"ನಂಗೇನು ಗೊತ್ತು. ಎಣಿಸ್ಲಕ ನೀ ಇರ್ಲಿಲ್ಲ."

ಆ ಖಾನೆಯನ್ನು ಖಾಲಿ ಬಿಟ್ಟು, ಪಟ್ಟಿಯನ್ನು ಮತ್ತೊಮ್ಮೆ ಪೆನ್‌ಡ್ರೈವಿಗೆ ಹಾಕಿಕೊಂಡೆ. ಮಾರನೇ ದಿನ ಡಾಕ್ಟರಮ್ಮ ಹಾಳೆಯ ಮೇಲೆ ಪೆನ್ನು ಓಡಿಸುತ್ತಾ ಬಂದು ಅಲ್ಲಿ ನಿಂತರು. ಇದೊಂದು ಯಾಕೆ ಬರೆದಿಲ್ಲ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಇಕಿ ಹೂವ ತರ್ಲಕ ಹೋಗಿದ್ಳ್ರಿ ಮೇಡಂ," ಅಂದರು. ಆಮೇಲೆ ಫೋನು ತೆಗೆದು, ಡಾಕ್ಟರಮ್ಮ ಚೀಟಿ ಬರೆಯುತ್ತಿರುವಾಗಲೇ, ಮೇಸ್ತ್ರಿಗೆ ಫೋನ್ ಮಾಡಿ ಆ ಹಗ್ಗ ಬೇರೆ ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿದರು.